ಬೋಲ್ಟಕ್ಕನ ಹಳದಿ ಗೆರೆ
ಗೋಡೆಯಾಚೆಯ ಪಾರ್ಕಿನಲ್ಲಿ ರೋಲರ್ ಕೋಸ್ಟರ್‌ನ ಖಾಲಿ ಬಂಡಿ ಗಡಗಡ ಓಡಿದಾಗಲೆಲ್ಲ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ನಿನ್ನೆ ನಲವತ್ತು ಸಲ ಓಡಿದ್ದು ಇಂದು ಹನ್ನೆರಡಕ್ಕೇ ನಿಂತಿತು.

“ಯಾಕೋ ನಿಲ್ಸಿದ್ರು?” ಬೋಲ್ಟಕ್ಕ ತಮ್ಮನನ್ನು ಕೇಳಿದಳು. ಅವನು ಆ ಪಾರ್ಕಿನ ಫಿಟ್ಟರ್. ಇವಳು ರಸ್ತೆಯಾಚೆಯ ಎದುರಾಳಿ ಪಾರ್ಕಿನವಳು.

“ಪರೀಕ್ಷೆ ಸಾಕಂತೆ. ನಿಮ್ಮೋರು ಹೊಸ ಕೋಸ್ಟರ್ ಭಾನುವಾರ ಶುರು ಮಾಡ್ತಾರಂತಲ್ಲ, ನಾವು ಶನಿವಾರವೇ ಮಾಡ್ಬೇಕಂತೆ.”

“ನಮ್ದು ಮುಂದಿನ ತಿಂಗಳು ಕಣೋ.”

“ನಿಂಗೇ ಹೇಳಿಲ್ವಾ? ನಿಮ್ಮ ಮ್ಯಾನೇಜರ್ ಜಾಣ ಬಿಡು.”

ಇಪ್ಪತ್ತೆರಡು ವರ್ಷದ ಹಿಂದೆ ಅವಳು ತನ್ನ ಪಾರ್ಕಿಗೆ ಸೇರಿದ್ದು, ಬಂಡಿಯಲ್ಲಿ ಕೂತವರ ಕಾಲಿಂದ ಬೀಳುವ ಚಪ್ಪಲಿಗಳನ್ನು ಹೆಕ್ಕಲು. ಒಂದು ದಿನ ಚಪ್ಪಲಿಗಳ ನಡುವೆ ಒಂದು ನಟ್ ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಓಡಿ ಬಂಡಿ ನಿಲ್ಲಿಸಿದಳು. ಹಳೆಯ ಫಿಟ್ಟರ್ ಅಂದೇ ಅವಳ ಕೈಗೆ ಸ್ಪಾನರ್ ಕೊಟ್ಟ. ಆಮೇಲೆ ಎದುರಿನ ಪಾರ್ಕಿನವರು ಮೂವತ್ತು ಮೀಟರ್ ಎತ್ತರ ಕಟ್ಟಿದರೆ ಇವರು ನಲವತ್ತು. ಇವರು ಒಮ್ಮೆ ತಲೆಕೆಳಗು ಮಾಡಿದರೆ ಅವರು ಎರಡು ಸಲ. ಎತ್ತರ ಏರಿದಷ್ಟೂ ಪರೀಕ್ಷೆಯ ದಿನಗಳು ಕುಗ್ಗಿದವು.

ಬೋಲ್ಟ್ ಬಿಗಿದ ಮೇಲೆ ಅದರ ತಲೆಯಿಂದ ಕಬ್ಬಿಣದವರೆಗೆ ಅವಳು ಒಂದು ಹಳದಿ ಗೆರೆ ಎಳೆಯುತ್ತಿದ್ದಳು. ಆ ಗೆರೆ ಕಂಡಲ್ಲಿ ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲ.

ನಿನ್ನೆ ತನ್ನ ಪಾರ್ಕಿನ ಹೊಸ ಕೋಸ್ಟರ್‌ನ ಏಳನೆಯ ಕಂಬಕ್ಕೆ ಕೆಲಸ ನಿಲ್ಲಿಸಿದ್ದಳು. ಇಂದು ಹೋಗಿ ನೋಡಿದರೆ ಕೊನೆಯ ಕಂಬದವರೆಗೂ ಹಳದಿ ಗೆರೆ. ಎಂಟನೆಯ ಕಂಬದ ಬೋಲ್ಟಿಗೆ ಸ್ಪಾನರ್ ಹಾಕಿದಳು. ಅದು ಸಲೀಸಾಗಿ ಕಾಲು ಸುತ್ತು ತಿರುಗಿತು.

ಅವಳು ಕೆಳಗಿಳಿದಾಗ ಮ್ಯಾನೇಜರ್ ತಪಾಸಣೆಯ ಕಾಗದ ಹಿಡಿದು ನಿಂತಿದ್ದ.

“ಗೆರೆ ಯಾರು ಎಳೆದಿದ್ದು?” ಅವಳು ಕೇಳಿದಳು.

“ಪೇಂಟರ್. ನಿಮ್ಮ ಕೆಲಸಾನೇ ಹಗುರ ಮಾಡಿದ್ವಿ ಅಕ್ಕ. ಎದುರಿನೋರು ಶನಿವಾರ ಅಂತೆ, ನಾವು ಶುಕ್ರವಾರ. ಇಲ್ಲೊಂದು ಸೈನ್ ಹಾಕಿ.”

“ಹಗಲು ಕಂಡ ಬಾವೀಗೆ ಇರುಳು ಬಿದ್ದೋರನ್ನ ಕೇಳಿದ್ದೆ. ನೀವಿಬ್ರೂ ಹಗಲಲ್ಲೇ ನಾ ಮುಂದು ತಾ ಮುಂದು ಅಂತ ಬೀಳ್ತಿದೀರಿ. ಬೀಳಿ. ಜನರ ಮಕ್ಕಳನ್ನ ಯಾಕೆ ಕಂಕುಳಲ್ಲಿ ಎತ್ಕೊಂಡು ಬೀಳ್ತೀರಿ?”

“ಬರೀ ಬಣ್ಣ ತಾನೇ ಅಕ್ಕ...”

ಅವಳ ಧ್ವನಿ ಏರಲಿಲ್ಲ. ಡಬ್ಬಿಯಿಂದ ಥಿನ್ನರ್ ಸುರಿದು ಬಟ್ಟೆ ನೆನೆಸಿದಳು. “ಬಣ್ಣ ಅಂಗಡೀದು, ಗೆರೆ ನಂದು. ಅಷ್ಟನ್ನೂ ಅಳಿಸ್ತೀನಿ. ಒಂದೊಂದೇ ಬಿಗೀತೀನಿ. ತಿಂಗಳು ಹಿಡಿದ್ರೆ ಹಿಡೀಲಿ, ಅಲ್ಲೀವರೆಗೆ ಸೈನ್ ಇಲ್ಲ.”

“ಮೇಲಿನೋರಿಗೆ ನಾನೇನು ಹೇಳ್ಲಿ?”

ಅವಳು ಆಗಲೇ ಏಣಿಯತ್ತ ನಡೆದಿದ್ದಳು. “ಚಪ್ಪಲಿ ಹೆಕ್ಕೋಳೊಬ್ಬಳು ಬಂಡಿ ನಿಲ್ಸಿದ್ಲು ಅಂತ ಹೇಳಿ. ಎದುರಿನೋರಿಗೂ ಹೇಳಿ, ಅಲ್ಲಿ ನನ್ನ ತಮ್ಮ ಇದಾನೆ, ಅವನ ಕೈಯಲ್ಲೂ ಒಂದು ಸ್ಪಾನರ್ ಇದೆ.”