ಕೆರೆ ಬಂಗಲೆಯ ಎರಡನೇ ಬೇಸಿಗೆ

ಆ ದಿನವೂ ಮಧ್ಯಾಹ್ನ ಉಂಡಾದ ಮೇಲೆ ನಮ್ಮ ಯಜಮಾನರು ಜಗಲಿಯ ಮೇಲೆ ಕಾಲು ಚಾಚಿ, "ಓದು, ಆ ಪುಣ್ಯವಂತ ಇವತ್ತೇನ್ ಕಷ್ಟ ಬಿದ್ದವ್ನೋ ಕೇಳ್ಮ" ಎಂದರು. ಅವರ ಕಣ್ಣು ಮಂಜಾಗಿತ್ತು. ಏಳನೇ ಕ್ಲಾಸಿನವರೆಗೆ ಓದಿದ ನಾನೇ ಮನೆಗೆ ಪಂಡಿತೆ.

ಕೊಳ್ಳೇಗಾಲದ ವಾಚನಾಲಯದಿಂದ ತಂದ ಪುಸ್ತಕ. ಸಮುದ್ರದಾಚೆಯ ಒಬ್ಬ ದೊಡ್ಡ ಮನುಷ್ಯ ಹರೆಯದಲ್ಲಿ, ಬೇಸಿಗೆ ರಜೆಗೆ, ಸರೋವರದ ದಂಡೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ನೆನಪುಗಳು. ಯಾರೋ ಕನ್ನಡಕ್ಕೆ ತಂದಿದ್ದರು. ದೋಣಿ ಒರೆಸುವುದು, ಹೆಂಗಸರಿಗೆ ಕೊಡೆ ಹಿಡಿಯುವುದು, ಸಂಜೆ ಕುಣಿಯುವುದು. ಇಂಥ ಘೋರ ದುಡಿಮೆಯಿಂದಲೇ ತಾನು ಮನುಷ್ಯನಾದೆ ಎಂದು ಪುಟಕ್ಕೊಮ್ಮೆ ಹೇಳುತ್ತಿದ್ದ.

"ಅಯ್ಯೋ ಪಾಪ, ಕೈ ಬೊಬ್ಬೆ ಬಂದಿರ್ಬೇಕು" ಎಂದು ನಕ್ಕ ಯಜಮಾನರು ತಮ್ಮ ಚಾಕರಿಯ ಕತೆ ತೆಗೆದರು. ಮದುವೆಗೆ ಮುಂಚೆ ಅವರೂ ಒಂದು ಬೇಸಿಗೆ ಯಳಂದೂರಿನ ಕಡೆಯ ಕೆರೆ ಬಂಗಲೆಯಲ್ಲಿ, ಬಿಡಾರ ಹೂಡಿದ್ದ ಬಿಳಿ ದೊರೆಯ ಚಾಕರಿಗೆ ಇದ್ದರಂತೆ. ದೊರೆ ಗಾಳ ಹಾಕುವುದು, ಇವರು ಮೀನು ಬಿಡಿಸುವುದು. ನಮ್ಮದೋ ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಮೀನು ಮುಟ್ಟಿದರೆ ನೀರಿಗೆ ಮುಳುಗಿ ಏಳಲೇಬೇಕು. ಒಂದು ಮೀನಿಗೆ ಒಂದು ಮುಳುಗು. ಅದನ್ನು ಕಂಡ ದೊರೆ, ಇವನಿಗೆ ಈಜಿನ ಹುಚ್ಚು ಎಂದು ಮೆಚ್ಚಿ, ಮೀನಿನ ಬುಟ್ಟಿಯನ್ನೂ ಇವರಿಗೇ ವಹಿಸಿದನಂತೆ. ಎಂಥ ಬಡ್ತಿ!

"ಬಿರು ಬೇಸ್ಗೇಲಿ ನೆಗಡಿ ಇಡ್ಸ್ಕಂಡೋನು ಈ ಸೀಮೆಗೆಲ್ಲಾ ನಾನೊಬ್ನೇ ಕಣಮ್ಮಿ. ಮುಂದಿನ್ ವರ್ಸನೂ ಅದೇ ಕತೆ."

"ಮುಂದಿನ್ ವರ್ಸನೂ ಓಗಿದ್ರಾ? ಕರೆ ಕಳ್ಸಿದ್ರಾ?"

"ಇಲ್ಲ, ನಾನೇ ಓಗಿದ್ದೆ."

"ಅಷ್ಟ್ ಪಡಿಪಾಟ್ಲು ಬಿದ್ದು ಮತ್ಯಾಕೋಗಿದ್ರಿ?"

"ಓದೋದ್ ಬುಟ್ಟು ಪೋಲೀಸ್ನೋರಂಗೆ ಕೇಳ್ತೀಯಲ್ಲ! ನಾಳೆ ಯೋಳ್ತೀನಿ. ರೇಷ್ಮೆ ಉಳ ಅಸ್ಕಂಡವೆ" ಎಂದು ಎದ್ದು ಹೋದರು.

ಮರುದಿನ ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ತೋಟದಲ್ಲೇ ಕುಸಿದರು. ಮನೆಗೆ ತರುವಷ್ಟರಲ್ಲಿ ಉಸಿರಿರಲಿಲ್ಲ.

ಪುಸ್ತಕವನ್ನು ವಾಪಸು ಮಾಡುವ ಮುಂಚೆ ಉಳಿದ ಪುಟಗಳನ್ನು ಅದೇ ಜಗಲಿಯ ಮೇಲೆ ಒಬ್ಬಳೇ ಓದಿದೆ, ಗಟ್ಟಿಯಾಗಿಯೇ. ಆ ಮಹಾರಾಯ ಬೇಸಿಗೆ ಬೇಸಿಗೆಗೂ ಅಲ್ಲಿಗೇ ಯಾಕೆ ಮರಳುತ್ತಿದ್ದೆ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ನೀರಿನ ಬಣ್ಣವಂತೆ, ಗೆಳೆಯರಂತೆ, ಒಬ್ಬ ಹುಡುಗಿಯಂತೆ. ನಾನೇನೂ ಕೇಳಿರಲಿಲ್ಲ. ಆದರೂ ಅವನ ಕಾರಣಗಳೆಲ್ಲ ನನಗೀಗ ಬಾಯಿಪಾಠ.

ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವರು ಎರಡನೇ ಬೇಸಿಗೆ ಆ ಬಂಗಲೆಗೆ ಯಾಕೆ ಹೋದರು ಎಂಬುದು ನನಗೆ ಗೊತ್ತಿಲ್ಲ.