ಪ್ರಕಟಿಸುವ ಮೊದಲು ನೋಡುತ್ತಿದ್ದವರು

ಶಿವಾಜಿನಗರದಲ್ಲಿದ್ದ ನಮ್ಮ ಸಣ್ಣ ಕನ್ನಡ ಪತ್ರಿಕೆಯ ವೆಬ್‌ಸೈಟಿಗೆ ನಿಧನವಾರ್ತೆ ಹಾಕುತ್ತಿದ್ದವರು ಧಾರವಾಡ ಕಡೆಯ ಒಬ್ಬ ಹಿರಿಯ ಮಹಿಳೆ. ಪ್ರಕಟಿಸುವ ಮೊದಲು ಕನ್ನಡಕ ಒರೆಸಿಕೊಂಡು, "ಒಮ್ಮೆ ಕಣ್ಣಿಲೆ ನೋಡಿಬಿಡ್ತೀನ್ರಿ" ಎನ್ನುತ್ತಿದ್ದರು. ತೀರಿಕೊಂಡವರ ಹೆಸರನ್ನು ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು.

ಬರೆಯುವುದು, ತೋರಿಸುವುದು ಎರಡೂ ಒಂದೇ ಕಡೆ ಇದ್ದ ಹಳೆಯ ತಂತ್ರಾಂಶ ತೆಗೆದು, ಅವೆರಡನ್ನೂ ಬೇರೆ ಮಾಡುವ 'ಹೆಡ್‌ಲೆಸ್' ವ್ಯವಸ್ಥೆ ತಂದವನು ನಾನು. ಅದೇ ಬರಹ ಮೊಬೈಲ್ ಆ್ಯಪಿಗೂ ಹೋಗಲಿ ಎಂಬುದು ನನ್ನ ಆಸೆ. ಅವರ ಮುಂದೆ ಉಳಿದದ್ದು ತುಂಬಬೇಕಾದ ಖಾಲಿ ಚೌಕಗಳು ಮಾತ್ರ. ಪುಟ ಬೇರೆಲ್ಲೋ ತಯಾರಾಗುತ್ತಿತ್ತು.

"ಪುಟ ಹೆಂಗ ಕಾಣ್ತದ, ಎಲ್ಲಿ ನೋಡ್ಲಿ?" ಎಂದು ಕೇಳಿದರು.

"ಅದಕ್ಕೂ ಒಂದು ಬಟನ್ ಮಾಡಿಕೊಡ್ತೀನ್ರಿ ಅಕ್ಕಾರ, ಸದ್ಯ ಹಂಗ ಹಾಕ್ರಿ" ಎಂದವನು ಮರೆತೆ.

ಒಮ್ಮೆ ಅವರು ಹಾಕಿದ ದಂಪತಿಯ ಫೋಟೊವನ್ನು ನನ್ನ ಹೊಸ ಪುಟ ತಾನಾಗಿಯೇ ಕತ್ತರಿಸಿತು. ತೀರಿಕೊಂಡ ಗಂಡನ ಹೆಸರಿನ ಮೇಲೆ, ಬದುಕಿದ್ದ ಹೆಂಡತಿಯ ಮುಖ ಬಂತು.

ಅಕ್ಕಾರೂ ನಾನೂ ಆ ಮನೆಗೆ ಹೋದೆವು. ಅವರು ಆ ಹೆಂಡತಿಯ ಕೈ ಹಿಡಿದು, "ನೋಡ್ಲಾರದ ಹಾಕಿಬಿಟ್ಟೆ, ತಪ್ಪು ನಂದ್ರಿ" ಎಂದರು. ಪಕ್ಕದಲ್ಲೇ ಕುಳಿತಿದ್ದ ನಾನು ಆ ಮನೆಯವರು ಕೊಟ್ಟ ನೀರು ಕುಡಿದೆ.

ಅದೇ ವಾರ ಅಕ್ಕಾರು ಕೆಲಸ ಬಿಟ್ಟರು. ಆಮೇಲೆ, ಪುಟವನ್ನು ಮೊದಲೇ ತೋರಿಸುವ ಆ ಬಟನ್ ಮಾಡಿದೆ. ಅರ್ಧ ದಿನ ಹಿಡಿಯಿತು.