ನಾಲ್ವರ ಹಾಡು, ಮೂವರ ಕಂಠ

ಅಣ್ಣ ತೀರಿಕೊಂಡ ದಿನ ಸಂಜೆಗೇ ಅವನ ಹಾಡಿನ ಕಚೇರಿ ಇತ್ತು. ಬಂಗಲೆಯ ಹಜಾರದಲ್ಲಿ ಕುರ್ಚಿಗಳನ್ನು ಆಗಲೇ ಹಾಕಿಯಾಗಿತ್ತು.

ಇದು ಯುದ್ಧಕ್ಕೆ ಮುಂಚಿನ ಮಾತು. ಹಾನಗಲ್ಲಿನ ಊರಹೊರಗೆ ಪಾದ್ರಿಗಳ ದವಾಖಾನೆ ಇತ್ತು. ಜರ್ಮನಿಯ ಡಾಕ್ಟರೊಬ್ಬರು ಹೆಂಡತಿಯೊಡನೆ ಅದನ್ನು ನಡೆಸುತ್ತಿದ್ದರು. ಅಣ್ಣ ಅಲ್ಲಿ ಕಂಪೌಂಡರ್. ನಮ್ಮೂರ ಭಜನೆಯಲ್ಲಿ ಅವನ ದಪ್ಪ ದನಿ ಕೇಳಿದ್ದೇ ತಡ, ಡಾಕ್ಟರ ಹೆಂಡತಿ ಅವನನ್ನು ತಮ್ಮ ಮೇಳಕ್ಕೆ ಸೇರಿಸಿಕೊಂಡರು. ಡಾಕ್ಟರು, ಇಬ್ಬರು ನರ್ಸಮ್ಮಂದಿರು, ಅಣ್ಣ: ನಾಲ್ಕು ಕಂಠ. ಆಕೆಯದು ಪಿಯಾನೊ, ಹಾವೇರಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಬಂದದ್ದು. ಒಬ್ಬೊಬ್ಬರಿಗೆ ಒಂದೊಂದು ಧಾಟಿ, ನಾಲ್ಕೂ ಕೂಡಿದರೆ ಒಂದು ಹಾಡು ಎಂದು ಅಣ್ಣ ವಿವರಿಸಿದರೆ ನಮಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅಕ್ಕಿಆಲೂರಿನ ಹತ್ತಿರದ ನಮ್ಮ ಮನೆಗೆ ಬಂದಾಗೆಲ್ಲ ತನ್ನ ಪಾಲಿನದನ್ನಷ್ಟೇ ಹಾಡಿಕೊಳ್ಳುತ್ತಿದ್ದ. ಎರಡು ಸ್ವರ ಹಿಡಿದು ನಿಲ್ಲುವುದು, ಸುಮ್ಮನಾಗುವುದು, ಮತ್ತೆ ಅದೇ ಎರಡು ಸ್ವರ.

"ಹೋರಿ ಗುಟುರು ಹಾಕಿದಂಗ ಆಕ್ಕೈತಿ, ಸಾಕ್ ಮಾಡಪಾ. ಇದನ್ನ ಕೇಳಿದ್ರ ನಿನಗ ಹೆಣ್ಣ ಯಾರ ಕೊಡ್ತಾರ?" ಎಂದು ಅವ್ವ ಗೇಲಿ ಮಾಡುತ್ತಿದ್ದಳು.

"ಕಚೇರಿಗೆ ಬಾರಬೇ. ಎಲ್ಲಾ ಕೂಡಿದಾಗ ಕೇಳು," ಎನ್ನುತ್ತಿದ್ದ ಅವನು.

ಕೂಡುವ ಮೊದಲೇ ಚಳಿಜ್ವರ ಅವನನ್ನು ಮುಗಿಸಿತು. ಮಧ್ಯಾಹ್ನ ಅವ್ವ, ನಾನು ಹೋಗಿ ಮುಟ್ಟುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅಪ್ಪ ಮೊದಲೇ ಇರಲಿಲ್ಲ. ಸವಣೂರಿನ ಎಲೆ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ, ಊರ ಮಠದ ಅಯ್ಯನವರು, ಮತ್ತೆ ನಾಲ್ಕು ಮಂದಿ ಹಿರಿಯರು ಸಂಜೆಗೆ ಚಕ್ಕಡಿ ಕಟ್ಟಿಕೊಂಡು ಬಂದರು. ದೊಡ್ಡಪ್ಪ ಹೊದಿಕೆ ಸರಿಸಿ ಅಣ್ಣನ ಎದೆ ನೋಡಿದ. ಕೊರಳಲ್ಲಿ ಲಿಂಗ ಇರಲಿಲ್ಲ.

ಜ್ವರದ ಮೈ ಒರೆಸುವಾಗ ನರ್ಸಮ್ಮ ದಾರ ಸಮೇತ ಅದನ್ನು ತೆಗೆದು ಔಷಧಿಯ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ಹುಟ್ಟಿದಾಗ ಕಟ್ಟಿದ ಲಿಂಗ ಉಸಿರು ಇರುವತನಕ ಮೈಬಿಡಬಾರದು ಎಂಬುದು ಆಕೆಗೇನು ಗೊತ್ತು? ತೆಗೆದದ್ದು ತಾನೇ ಎಂದು ಅತ್ತಳು. ದೊಡ್ಡಪ್ಪ ನಂಬಲಿಲ್ಲ.

"ಇವ ತಾನಽ ತಗದಾನ. ವರ್ಷಗಟ್ಟಲೆ ಇವರ ಕೂಡ ಯೇಸುನ ಹಾಡ ಹಾಡ್ಯಾನ. ಪಾದ್ರಿಗಳ ಹೆಣ ಪಾದ್ರಿಗಳಽ ಹುಗೀಲಿ. ನಮ್ಮ ಮಣ್ಣಾಗ ಜಾಗಾ ಇಲ್ಲ," ಎಂದ.

ಅಪ್ಪನ ಮಗ್ಗುಲಲ್ಲಿ ಅಣ್ಣನಿಗೆ ಕುಣಿ ಇಲ್ಲ ಎಂದಂತಾಯಿತು. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅಣ್ಣನ ಕೈಯಿಂದ ಪುಕ್ಕಟೆ ಔಷಧಿ ಒಯ್ಯುವಾಗ ಅವನಿಗೆ ಜಾತಿ ನೆನಪಾಗಿರಲಿಲ್ಲ.

ಅವ್ವ ಹಿರಿಯರೆದುರು ತಲೆ ಎತ್ತಿ ಮಾತಾಡಿದವಳಲ್ಲ. ಅಂದು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಅಯ್ಯನವರ, ನನ್ನ ಮಗ ಏನ ಹಾಡ್ತಿದ್ದ, ಕೇಳ್ರಿ. ಅದರಾಗ ಅವರ ದೇವರ ಹೆಸರಿದ್ರ ಇಲ್ಲೇ ಬಿಟ್ಟ ಹೋಗ್ರಿ. ನಾನೂ ಅವನ ಕೂಡ ಇಲ್ಲೇ ಇರ್ತೇನಿ."

ಅಯ್ಯನವರು ಆಗಲಿ ಎಂದರು.

ಹಾಗಾಗಿ ಕಚೇರಿ ನಡೆಯಿತು. ಅಣ್ಣನ ಮಂಚವನ್ನು ಹಜಾರದ ಬಾಗಿಲಿಗೆ ತಂದಿಟ್ಟರು. ಸಾಹೇಬರಿಗೆಂದು ಹಾಕಿದ್ದ ಕುರ್ಚಿಗಳ ತುದಿಯಲ್ಲಿ ನಮ್ಮ ಹಿರಿಯರು ರುಮಾಲು ಸುತ್ತಿಕೊಂಡು ಕುಂತರು. ಒಂದೊಂದು ಹಾಡಿಗೂ ಮೊದಲು ಡಾಕ್ಟರು ತಮ್ಮ ಪುಸ್ತಕದ ಕನ್ನಡದಲ್ಲಿ ಅರ್ಥ ಹೇಳಿದರು. ಹುಡುಗಿ ನೀರಿಗೆ ಹೋಗಿದ್ದಾಳೆ, ಹುಡುಗ ದಂಡೆಯಲ್ಲಿ ಕಾಯುತ್ತಾನೆ. ಇನ್ನೊಂದರಲ್ಲಿ ಅವಳು ಕಿಟಕಿ ತೆರೆಯುವುದಿಲ್ಲ. ಮತ್ತೊಂದರಲ್ಲಿ ಇಬ್ಬರೂ ಒಂದೇ ಕೊಡೆಯಡಿ ನಡೆಯುತ್ತಾರೆ.

ಮೂವರೇ ಹಾಡಿದರು. ಡಾಕ್ಟರ ಹೆಂಡತಿ ಪಿಯಾನೊ ನುಡಿಸಿದರು. ಕೆಲವು ಕಡೆ ಮೂವರೂ ಒಟ್ಟಿಗೆ ಬಾಯಿ ಮುಚ್ಚಿ ಕಾಯುತ್ತಿದ್ದರು, ಪಿಯಾನೊ ಒಂದೇ ಮೆಲ್ಲಗೆ ನಡೆಯುತ್ತಿತ್ತು, ಮತ್ತೆ ಹಾಡು ಮುಂದುವರಿಯುತ್ತಿತ್ತು. ಮೊದಲ ಸಲ ಹಾಗಾದಾಗ ಮರೆತರೇನೋ ಅಂದುಕೊಂಡೆ. ಎರಡನೆಯ ಸಲ ಅಣ್ಣನ ಮಂಚದ ಕಡೆ ತಿರುಗಿ ನೋಡಿದೆ.

"ಇದರಾಗ ಯೇಸು ಎಲ್ಲಿ ಬರ್ತಾನ್ರಿ?" ಎಂದು ದೊಡ್ಡಪ್ಪ ಕೇಳಿದ.

"ಎಲ್ಲಿಯೂ ಬರುವುದಿಲ್ಲ. ಯಾವ ದೇವರೂ ಬರುವುದಿಲ್ಲ. ಒಬ್ಬ ಹುಡುಗ, ಒಬ್ಬ ಹುಡುಗಿ, ಅಷ್ಟೇ," ಎಂದರು ಡಾಕ್ಟರು.

ಹಿರಿಯರೊಬ್ಬರು ನಾಚಿಕೊಂಡು ನೆಲ ನೋಡಿದರು. ಅಯ್ಯನವರು ಎದ್ದರು. "ಹುಡುಗಿ ಮ್ಯಾಲಿನ ಹಾಡ ಹಾಡಿದ್ರ ಯಾರದೂ ಧರ್ಮ ಕೆಡೂದಿಲ್ಲ. ಲಿಂಗ ತರ್ರಿ." ತಾವೇ ಅದನ್ನು ತೊಳೆದು ಅಣ್ಣನ ಕೊರಳಿಗೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿದರು. ಮದುವೆಯಿಲ್ಲದೆ ಸತ್ತ ನನ್ನ ಅಣ್ಣನಿಗೆ ಹುಟ್ಟೂರಿನ ಮಣ್ಣು ಸಿಕ್ಕಿದ್ದು ಪರದೇಶದ ಹಾಡಿನ ಯಾರೋ ಹುಡುಗಿಯಿಂದ.

ನಮ್ಮ ರೂಢಿಯಂತೆ ಚಕ್ಕಡಿಯಲ್ಲಿ ಅವನನ್ನು ಕುಳ್ಳಿರಿಸಿ, ಹಿಂದಿನಿಂದ ಅವ್ವ ಒರಗಿಸಿ ಹಿಡಿದುಕೊಂಡಳು. ಹಾನಗಲ್ಲಿನ ಕೆರೆ ದಾಟುವವರೆಗೂ ಗೆದ್ದವಳಂತೆ ಕಣ್ಣೀರಿಲ್ಲದೆ ಕುಂತಿದ್ದಳು. ಆಮೇಲೆ ನನ್ನನ್ನು ಕೇಳಿದಳು:

"ಅವರು ನಡುನಡುವ ಸುಮ್ಮ ಆಗ್ತಿದ್ರಲ್ಲ, ಯಾಕಬೇ?"

"ಅಲ್ಲೆ ಅಣ್ಣಾ ಹಾಡಬೇಕಾಗಿತ್ತು," ಎಂದೆ.

ಅವ್ವ ಅವನ ಬೆನ್ನಿಗೆ ಹಣೆ ಹಚ್ಚಿದಳು. ತಾನು ಗೇಲಿ ಮಾಡಿದ ಆ ಎರಡು ಸ್ವರವನ್ನು ತಪ್ಪಿಲ್ಲದೆ ಗುನುಗಿ ಸುಮ್ಮನಾದಳು. ಮತ್ತೆ ಅದೇ ಎರಡು ಸ್ವರ. ಊರು ಬರುವತನಕ ನಿಲ್ಲಿಸಲಿಲ್ಲ.